ಕೊಂಬು ಯಾವ ಕಡೆಗಿದೆ ಎಂದು ನೋಡದೆ ಬರೆದ ಪ್ರಬಂಧ

ಕೆಎಎಸ್‌ಗೆ ಓದುತ್ತಿದ್ದೇನೆ, ಮರಳು ದಿಬ್ಬಗಳ ವಿಧಗಳನ್ನು ಆಕಾರ ನೋಡಿ ನೆನಪಿಡುವುದು ಹೇಗೆ, ಕಣಿವೆಯ ದಿಬ್ಬ ಬೇರೆಯೇ ವಿಧವೇ ಎಂದು ಕೇಳಿದ್ದೀರಿ. ಆಕಾರವನ್ನೇ ನಂಬಿ ನಾನು ಒಂದು ವರ್ಷ ಕಳೆದುಕೊಂಡೆ.

ಬೆಂಗಳೂರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುವಾಗ ನಾನು ಪ್ರಬಂಧಕ್ಕೆ ಆರಿಸಿಕೊಂಡದ್ದು ಥಾರ್ ಮರುಭೂಮಿಯ ದಿಬ್ಬಗಳನ್ನು. ರಾಜಸ್ಥಾನಕ್ಕೆ ಹೋಗಿಬರಲು ಹಣವಿರಲಿಲ್ಲ. ವಿಜಯನಗರದ ಬಾಡಿಗೆ ಕೋಣೆಯಲ್ಲಿ ಉಪಗ್ರಹ ಚಿತ್ರಗಳನ್ನು ಹರಡಿಕೊಂಡು ಒಂದೊಂದೇ ದಿಬ್ಬದ ಅಂಚನ್ನು ಪೆನ್ಸಿಲಿನಿಂದ ತಿದ್ದಿದೆ. ಎಲ್ಲವೂ ಕುಡುಗೋಲಿನಂತೆ ಬಾಗಿದ್ದವು. ಅರ್ಧಚಂದ್ರಾಕಾರವೆಂದರೆ ಬರ್ಖಾನ್ ಎಂದು ಬಾಯಿಪಾಠವಾಗಿತ್ತು, ಹಾಗೆಂದೇ ಬರೆದೆ.

ತಪ್ಪಿದ್ದದ್ದು ಇಲ್ಲಿ. ಬರ್ಖಾನ್ ಹುಟ್ಟುವುದು ಬೋಳು ನೆಲದ ಮೇಲೆ, ಮರಳು ಕಡಿಮೆ ಇರುವಲ್ಲಿ, ಒಂದೇ ದಿಕ್ಕಿನ ಗಾಳಿಗೆ. ಎರಡು ತುದಿಗಳಲ್ಲಿ ಮರಳು ತೆಳುವಾದ್ದರಿಂದ ಅವು ಬೇಗ ಸರಿಯುತ್ತವೆ, ದಪ್ಪನೆಯ ನಡು ಹಿಂದುಳಿಯುತ್ತದೆ. ಹಾಗಾಗಿ ಕೊಂಬುಗಳು ಗಾಳಿ ಹೋಗುವ ಕಡೆಗೆ. ಪರವಲಯ ದಿಬ್ಬದಲ್ಲಿ ಎಲ್ಲವೂ ತಿರುವುಮುರುವು: ಗಿಡಗಂಟಿಗಳು ತುದಿಗಳನ್ನು ಹಿಡಿದಿಡುತ್ತವೆ, ನಡುವಿನ ಬರಿ ಮರಳು ಮುಂದೆ ಹೋಗುತ್ತದೆ, ತೋಳುಗಳು ಗಾಳಿ ಬರುವ ಕಡೆಗೆ ಚಾಚಿಕೊಂಡು ಉಳಿಯುತ್ತವೆ. ಥಾರ್‌ನಲ್ಲಿ ಹೆಚ್ಚಾಗಿರುವುದು ಇವೇ. ನೈರುತ್ಯಕ್ಕೆ ಚಾಚಿದ ಆ ತೋಳುಗಳನ್ನು ನಾನು ಬರ್ಖಾನಿನ ಕೊಂಬೆಂದು ತಿಳಿದೆ. ನೈರುತ್ಯದಿಂದ ಬೀಸುವ ಗಾಳಿ ನನ್ನ ನಕ್ಷೆಯಲ್ಲಿ ಈಶಾನ್ಯದಿಂದ ಬೀಸಿತು. ಬಿಡಿಸಿದ ಬಾಣಗಳೆಲ್ಲ ಹಿಂದುಮುಂದು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಈ ದಿಬ್ಬಗಳ ಮೇಲೆ ಗಿಡಗಳಿದ್ದವೇನಮ್ಮಾ?" ಇದ್ದವು. ಚಿತ್ರದಲ್ಲಿ ಸಣ್ಣ ಕಪ್ಪು ಚುಕ್ಕೆಗಳಾಗಿ ಕಂಡಿದ್ದವು. ಮುದ್ರಣದ ಕಲೆಯೆಂದು ಬಿಟ್ಟಿದ್ದೆ. ಪ್ರಬಂಧ ವಾಪಸಾಯಿತು. ಆ ವರ್ಷ ಸಿಗಬೇಕಿದ್ದ ಕೆಲಸವೂ ಕೈತಪ್ಪಿತು.

ದಯವಿಟ್ಟು ಹೆಸರುಗಳ ಪಟ್ಟಿ ಉರು ಹೊಡೆಯಬೇಡಿ. ಮೊದಲು ಕಡಿದಾದ ಬದಿ ಹುಡುಕಿ. ತಟ್ಟೆಗೆ ರವೆ ಸುರಿದು ನೋಡಿ: ಒಂದು ಹಂತದ ನಂತರ ರಾಶಿ ಇನ್ನಷ್ಟು ಕಡಿದಾಗುವುದಿಲ್ಲ, ಮತ್ತೊಂದು ಚಿಟಿಕೆ ಹಾಕಿದರೆ ಸರ್ರನೆ ಜಾರಿ ಬುಡ ಅಗಲವಾಗುತ್ತದೆ. ಮರಳಿನ ಕಾಳುಗಳು ಗಾಳಿಗೆದುರಾದ ಇಳಿಜಾರನ್ನು ನೆಗೆನೆಗೆದು ಹತ್ತಿ, ನೆತ್ತಿ ದಾಟಿ, ಮರೆಯ ಬದಿಯಲ್ಲಿ ಹೀಗೆಯೇ ಜಾರುತ್ತವೆ. ಒಣ ಮರಳಿಗೆ ಆ ಜಾರುವ ಇಳಿಜಾರಿನ ಕೋನ 32ರಿಂದ 34 ಡಿಗ್ರಿ. ಬರ್ಖಾನ್ ಆಗಲಿ, ಪರವಲಯವಾಗಲಿ, ಈ ಜಾರುಮುಖ ಇರುವುದು ಗಾಳಿ ಹೋಗುವ ಕಡೆಗೇ. ಅದರ ನೆರಳನ್ನು ನೋಡಿದ್ದರೆ ನನ್ನ ನಕ್ಷೆ ಉಳಿಯುತ್ತಿತ್ತು. ಅಮೆರಿಕದ ಭೂವಿಜ್ಞಾನಿ ಎಡ್ವಿನ್ ಮೆಕೀ 1979ರಲ್ಲಿ ಪ್ರಕಟಿಸಿದ ವರ್ಗೀಕರಣವೂ ಆಕಾರದ ಜೊತೆಗೆ ಜಾರುಮುಖಗಳೆಷ್ಟು ಎಂದು ಎಣಿಸುತ್ತದೆ. ಹಲವು ದಿಕ್ಕಿನ ಗಾಳಿಗೆ ಹಲವು ಜಾರುಮುಖಗಳು. ಅದೇ ನಕ್ಷತ್ರ ದಿಬ್ಬ.

ಕಣಿವೆಯ ದಿಬ್ಬ ಎಂಬ ಒಂದು ವಿಧವಿಲ್ಲ, ಆ ಪ್ರಶ್ನೆಯನ್ನೇ ಬಿಡಿ. ಕಣಿವೆ ಮಾಡುವುದು ಗಾಳಿಯನ್ನು ತಿರುಗಿಸುವ ಕೆಲಸ. ಅಮೆರಿಕದ ಕೊಲರಾಡೊದ ಸ್ಯಾನ್ ಲೂಯಿಸ್ ಕಣಿವೆಯಲ್ಲಿ ನೈರುತ್ಯದ ಗಾಳಿ ಮರಳನ್ನು ಬೆಟ್ಟಸಾಲಿನ ಬುಡಕ್ಕೆ ತಳ್ಳುತ್ತದೆ, ಬಿರುಗಾಳಿ ಎದ್ದಾಗ ಕಣಿವೆದಾರಿಗಳಿಂದ ಇಳಿದ ಗಾಳಿ ಅದನ್ನು ಹಿಂದಕ್ಕೆ ದಬ್ಬುತ್ತದೆ. ಹರಡಲು ಬಿಡದೆ ಎರಡೂ ಸೇರಿ ಸುಮಾರು 225 ಮೀಟರ್ ಎತ್ತರಕ್ಕೆ ಪೇರಿಸಿವೆ.

ಥಾರ್ ದೂರವಾದರೆ ಒಂದು ಭಾನುವಾರ ತಲಕಾಡಿಗೆ ಹೋಗಿ. ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್. ಅಲ್ಲಿ ಮರುಭೂಮಿಯಿಲ್ಲ, ಕಾವೇರಿಯ ತಿರುವಿನಲ್ಲಿ ರಾಶಿಬಿದ್ದ ಮರಳನ್ನು ಗಾಳಿಯೇ ಹೊತ್ತು ದೇವಾಲಯಗಳನ್ನು ಮುಚ್ಚಿತು. ಬರಿಗಾಲಲ್ಲಿ ಏರಿ. ಬೇರುಗಳು ಮರಳನ್ನು ಎಲ್ಲಿ ಹಿಡಿದಿವೆ, ಎಲ್ಲಿ ಅದು ಇನ್ನೂ ಕಾಲಡಿ ಜಾರುತ್ತದೆ ಎಂದು ನೋಡಿಕೊಂಡು ಬನ್ನಿ. ನಾನು ಹೋದದ್ದು ಪ್ರಬಂಧ ವಾಪಸಾದ ಮರುವಾರ.