ಚರ್ಚಿನ ಕಿಂಡರ್‌ಗಾರ್ಟನ್ ಬಗ್ಗೆ ಶ್ರೀನಿವಾಸಪುರದ ತಾಯಿಗೆ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್‌ಲಿಂಗನ್‌ನಲ್ಲಿ ಕೆಲಸ, ಮೂರೂವರೆ ವರ್ಷದ ಮಗಳಿಗೆ ಪ್ರೊಟೆಸ್ಟೆಂಟ್ ಚರ್ಚ್ ನಡೆಸುವ ಕಿಂಡರ್‌ಗಾರ್ಟನ್‌ನಲ್ಲಿ ಸೀಟು, ಸೆಪ್ಟೆಂಬರಿಗೆ ಶುರು. ನೋಡಲು ಹೋದ ದಿನ ಒಂದು ನೋಟ್‌ಬುಕ್ಕಿಲ್ಲ, ಬೋರ್ಡಿಲ್ಲ, ಟೀಚರ್ ನೆಲದ ಮೇಲೆ ಕೂತಿದ್ದರು, ಮಕ್ಕಳು ಮಣ್ಣಾಟದಲ್ಲಿದ್ದರು ಎಂದು ಬರೆದಿದ್ದೀರಿ. ಕೋಲಾರದಲ್ಲಿ ಎಲ್‌ಕೆಜಿಗೆ ಹಾಕಿದ್ದರೆ ಇಷ್ಟೊತ್ತಿಗೆ ಎ ಬಿ ಸಿ ಡಿ ಬರೆಯುತ್ತಿದ್ದಳು, ಇಲ್ಲಿ ಹಿಂದೆ ಬೀಳುತ್ತಾಳಾ, ಮತಕ್ಕೆ ಎಳೆಯುತ್ತಾರಾ, ಟೀಚರ್ ಹತ್ತಿರ ಹೇಗಿರಬೇಕು, ಏನೇನು ಕೊಟ್ಟು ಕಳಿಸಬೇಕು ಎಂದು ಕೇಳಿದ್ದೀರಿ. ನಾವು ಬಂದ ಕಾಲಕ್ಕೆ ಇದನ್ನು ನಮ್ಮ ಮಾತಿನಲ್ಲಿ ಹೇಳುವವರು ಇಲ್ಲಿ ಯಾರೂ ಸಿಕ್ಕಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮತದ ಮಾತು ಮೊದಲು ಮುಗಿಸಿಬಿಡೋಣ. ಊರಿನಲ್ಲಿ ಮಿಷನರಿಗಳ ಇಟಿಸಿಎಂ ಆಸ್ಪತ್ರೆಗೆ ಹೋಗಿ ಬಂದವರು, ಕೆಜಿಎಫ್ ಕಾನ್ವೆಂಟುಗಳಲ್ಲಿ ಓದಿದವರು ನಮ್ಮವರಲ್ಲಿ ಎಷ್ಟು ಜನ ಇಲ್ಲ? ಇಲ್ಲೂ ಹಾಗೇ. ಕಿಂಡರ್‌ಗಾರ್ಟನ್ ಚರ್ಚಿನದಾದರೂ ಖರ್ಚಿನ ಬಹುಪಾಲು ಸರ್ಕಾರದ್ದು ಮತ್ತು ನಗರಸಭೆಯದು. ಊಟಕ್ಕೆ ಮುಂಚೆ ಎರಡು ಸಾಲಿನ ಪ್ರಾರ್ಥನೆ, ಕೆಲವು ಹಾಡು, ಆಗಾಗ ಪಾದ್ರಿ ಬಂದು ಹೇಳುವ ಬೈಬಲ್ ಕಥೆ ಇರುತ್ತದೆ. ಅಕ್ಟೋಬರಿನಲ್ಲಿ ಸುಗ್ಗಿಯ ಕೃತಜ್ಞತೆಯ ಹಬ್ಬ, ನವೆಂಬರ್ 11ಕ್ಕೆ ಸಂತ ಮಾರ್ಟಿನನ ಲಾಂದ್ರದ ಮೆರವಣಿಗೆ, ಡಿಸೆಂಬರ್ 6ಕ್ಕೆ ಸಂತ ನಿಕೊಲಾಸನ ದಿನ, ಆಮೇಲೆ ಕ್ರಿಸ್‌ಮಸ್ ಗೋದಲಿ. ಮಾರ್ಟಿನ್ ಎಂಬ ಸೈನಿಕ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಕಥೆ ಅದು. ಸಂಜೆ ಕತ್ತಲಲ್ಲಿ ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರ ಹಿಡಿದು ಹಾಡುತ್ತಾ ಬೀದಿಯಲ್ಲಿ ನಡೆಯುತ್ತಾರೆ. ಮಗಳನ್ನು ಖಂಡಿತ ಕಳಿಸಿ, ನೀವೂ ಹೋಗಿ. ದೀಪಾವಳಿ ಬಂದಾಗ ನಾಲ್ಕು ಮಣ್ಣಿನ ಹಣತೆ ಕೊಂಡೊಯ್ದು ಬೆಳಿಗ್ಗೆ ಮಕ್ಕಳೆಲ್ಲ ಸುತ್ತ ಕೂರುವಾಗ ತೋರಿಸಬಹುದಾ ಎಂದು ಕೇಳಿ. ಸಾಮಾನ್ಯವಾಗಿ ಸಂತೋಷದಿಂದ ಒಪ್ಪುತ್ತಾರೆ, ಮಗುವಿಗೂ ಹೆಮ್ಮೆ. ಪ್ರಾರ್ಥನೆ ಬೇಡವೆನಿಸಿದರೆ ಸೇರಿಸುವಾಗಲೇ ನೇರವಾಗಿ ಹೇಳಿ. ಮನಸ್ಸಿನಲ್ಲಿಟ್ಟುಕೊಂಡು ಮಗುವಿನ ಮುಂದೆ ಗೊಣಗಬೇಡಿ.

ಇದರ ಜೊತೆಗೆ ಒಂದು ಎಚ್ಚರ. ವಿಳಾಸ ನೋಂದಾಯಿಸುವ ಕಚೇರಿಯ ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ಅಲ್ಲಿ ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆದವರ ಸಂಬಳದಿಂದ ಚರ್ಚ್ ತೆರಿಗೆ ಮುರಿಯುತ್ತಾರೆ. ನಾವಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಮೇಲೆ ಶೇ. 8. ನಿಮಗೆ ಅನ್ವಯಿಸುವುದಿಲ್ಲ. ಆದರೆ ಕಿಂಡರ್‌ಗಾರ್ಟನ್ ಚರ್ಚಿನದು, ಹಾಗೆ ಬರೆದರೆ ಸೀಟಿಗೆ ಅನುಕೂಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಈಗ ಪಾಠದ ವಿಷಯ. ಕಿಂಡರ್‌ಗಾರ್ಟನ್ ಹುಟ್ಟಿದ್ದೇ ಈ ದೇಶದಲ್ಲಿ. ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರ್ಯೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಶುರು ಮಾಡಿದರು, 1840ರಲ್ಲಿ ಆ ಹೆಸರಿಟ್ಟರು. ಮಕ್ಕಳನ್ನು ನಾಸ್ತಿಕರನ್ನಾಗಿ ಮಾಡುತ್ತದೆ ಎಂದು 1851ರಲ್ಲಿ ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ ಇದನ್ನು ನಿಷೇಧಿಸಿ, 1860ರಲ್ಲಿ ತೆರವು ಮಾಡಿತು. ಇವತ್ತು ಅದನ್ನೇ ಚರ್ಚುಗಳು ನಡೆಸುತ್ತಿವೆ. ಆಟವೇ ಮಗುವಿನ ಕಲಿಕೆ ಎಂಬ ಫ್ರ್ಯೋಬೆಲ್ ಅವರ ಮಾತು ಈಗಲೂ ಇಲ್ಲಿನ ಟೀಚರ್‌ಗಳ ಕೈಯಲ್ಲಿ ಜೀವಂತವಾಗಿದೆ.

ನೀವು ನೋಡಿದ ಆಟದೊಳಗೆ ಪಾಠ ಎಲ್ಲಿದೆ ಎಂದರೆ, ಮಧ್ಯಾಹ್ನ ಟೇಬಲ್ ಜೋಡಿಸುವ ಸರದಿ ನಿಮ್ಮ ಮಗಳದು ಅಂದುಕೊಳ್ಳಿ. ಆರು ಮಕ್ಕಳು, ಐದು ತಟ್ಟೆ ಇಟ್ಟಳು. ಟೀಚರ್ ಇನ್ನೊಂದು ತಟ್ಟೆ ಎತ್ತಿ ಕೊಡುವುದಿಲ್ಲ, ತಪ್ಪು ಎನ್ನುವುದೂ ಇಲ್ಲ. ಎಲ್ಲರೂ ಕೂರುವವರೆಗೆ ಕಾಯುತ್ತಾರೆ. ತಟ್ಟೆ ಇಲ್ಲದ ಮಗು ತಲೆ ಎತ್ತಿ ನೋಡುತ್ತದೆ, ಇವಳು ಎಣಿಸಿ ಒಂದು ತರುತ್ತಾಳೆ. ಕತ್ತರಿಯ ವಿಷಯದಲ್ಲೂ ಅಷ್ಟೇ. ಮೊದಲು ಕಾಗದದ ಅಂಚಿಗೆ ಚಿಕ್ಕ ಚಿಕ್ಕ ಕತ್ತರಿಕೆ, ಆಮೇಲೆ ನೇರ ಗೆರೆ, ಆಮೇಲೆ ವೃತ್ತ. ವೃತ್ತ ಕತ್ತರಿಸುವಾಗ ಕತ್ತರಿ ತಿರುಗಬಾರದು, ಎಡಗೈಯ ಕಾಗದ ತಿರುಗಬೇಕು. ಎರಡು ಕೈ ಎರಡು ಕೆಲಸ ಮಾಡಲು ಕಲಿತ ಮೇಲೆ ಪೆನ್ಸಿಲ್ ಹಿಡಿತ ಸುಲಭವಾಗುತ್ತದೆ. ಕೈ ಪಳಗುವ ಮುಂಚೆಯೇ ಬರೆಸಿದರೆ ಮಗು ಪೆನ್ಸಿಲನ್ನು ತಪ್ಪಾಗಿ ಹಿಡಿಯಬಹುದು, ಆ ಹಿಡಿತ ಅಭ್ಯಾಸವಾದರೆ ಆಮೇಲೆ ಬಿಡಿಸುವುದು ಕಷ್ಟ.

ಮನೆಯಲ್ಲಿ ಎ ಬಿ ಸಿ ತಿದ್ದಿಸಬೇಡಿ ಎಂದು ಟೀಚರ್ ಹೇಳಿದರೆ ಬೇಜಾರಾಗಬೇಡಿ. ಒಂದನೇ ತರಗತಿಯಲ್ಲಿ ಅಕ್ಷರಗಳನ್ನು ಅವುಗಳ ಧ್ವನಿಯಿಂದ, ಅಚ್ಚಿನ ರೂಪದಲ್ಲಿ ಕಲಿಸುತ್ತಾರೆ. ನಮ್ಮ ಇಂಗ್ಲಿಷಿನ ಎ ಇಲ್ಲಿ ಆ, ಇ ಇಲ್ಲಿ ಎ, ಐ ಇಲ್ಲಿ ಇ. ಇಂಗ್ಲಿಷ್ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಕೂಡಿಸಿ ಬರೆಯಲು ಕಲಿತ ಮಗು ಅದನ್ನು ಮರೆತು ಮತ್ತೆ ಶುರು ಮಾಡಬೇಕಾಗುತ್ತದೆ. ಬರೆಯುವ ಆಸೆ ಮಗುವಿಗೇ ಇದ್ದರೆ ತನ್ನ ಹೆಸರನ್ನು ಬರೆಯಲಿ, ಅಷ್ಟು ಸಾಕು. ಜೂನ್ 30ರೊಳಗೆ ಆರು ತುಂಬುವವರು ಆ ವರ್ಷದ ಸೆಪ್ಟೆಂಬರಿಗೆ ಶಾಲೆಗೆ ಹೋಗುತ್ತಾರೆ, ಆದ್ದರಿಂದ ನಿಮ್ಮ ಮಗಳಿಗೆ ಇನ್ನೂ ಮೂರು ವರ್ಷ ಇದೆ. ಕೊನೆಯ ವರ್ಷ ಪ್ರಾಥಮಿಕ ಶಾಲೆಯ ಟೀಚರೇ ಕಿಂಡರ್‌ಗಾರ್ಟನ್‌ಗೆ ಬಂದು ಮಕ್ಕಳ ಜೊತೆ ಕೆಲಸ ಮಾಡುತ್ತಾರೆ. ಊರಿನಿಂದ ಅಜ್ಜಿ ತಾತ ಫೋನಿನಲ್ಲಿ "ಇವತ್ತು ಏನು ಹೋಂವರ್ಕ್ ಕೊಟ್ಟರು" ಅಂತ ಕೇಳುತ್ತಾರಲ್ಲ, ಅವರಿಗೆ ಮಗಳು ಕತ್ತರಿಸಿದ ವೃತ್ತ ತೋರಿಸಿ.

ಮೊದಲ ವಾರಗಳಿಗೆ ಒಬ್ಬರು ರಜೆ ಇಟ್ಟುಕೊಳ್ಳಲೇಬೇಕು. ಎರಡು ವಾರ ಖಾಲಿ ಇಡಿ, ಮೂರಾದರೆ ಒಳ್ಳೆಯದು. ಮಗುವನ್ನು ಹೊಂದಿಸುವ ಕ್ರಮಕ್ಕೆ ಇವರು ಐನ್‌ಗೆವ್ಯೋನುಂಗ್ ಅನ್ನುತ್ತಾರೆ, ಬಹಳ ಕಡೆ ಬರ್ಲಿನ್ ಮಾದರಿ. ಮೊದಲ ಮೂರು ದಿನ ನೀವು ಸುಮಾರು ಒಂದು ಗಂಟೆ ಮಗುವಿನ ಜೊತೆ ಕೋಣೆಯಲ್ಲೇ ಇದ್ದು ಒಟ್ಟಿಗೆ ಮನೆಗೆ ಬರುತ್ತೀರಿ. ಮೂಲೆಯ ಒಂದು ಕುರ್ಚಿಯಲ್ಲಿ ಸುಮ್ಮನೆ ಕೂರಬೇಕು, ಫೋನು ನೋಡಬಾರದು, "ಹೋಗು, ಅವರ ಜೊತೆ ಆಡು" ಎಂದು ತಳ್ಳಬಾರದು. ನಾಲ್ಕನೇ ದಿನ ಮೊದಲ ಅಗಲಿಕೆ, ಹೆಚ್ಚೆಂದರೆ ಅರ್ಧ ಗಂಟೆ. ಆ ದಿನ ಸೋಮವಾರವಾದರೆ ಮಂಗಳವಾರಕ್ಕೆ ಮುಂದೂಡುತ್ತಾರೆ, ಏಕೆಂದರೆ ಎರಡು ದಿನ ಮನೆಯಲ್ಲಿದ್ದು ಬಂದ ಮಗುವಿಗೆ ಜಾಗ ಮತ್ತೆ ಹೊಸದು. ನೀವು ಹೊರಟಾಗ ಮಗು ಅಳುತ್ತದೆ. ಟೀಚರ್ ಎತ್ತಿಕೊಂಡಾಗ ಸಮಾಧಾನವಾಯಿತೇ ಎಂಬುದನ್ನು ಅವರು ನೋಡುತ್ತಾರೆ. ಆಗಿದ್ದರೆ ದಿನದಿನಕ್ಕೆ ಹೊತ್ತು ಹೆಚ್ಚುತ್ತದೆ, ಇಲ್ಲದಿದ್ದರೆ ನಿಮ್ಮನ್ನು ತಕ್ಷಣ ಕರೆದು ಇನ್ನೊಂದಿಷ್ಟು ದಿನ ಜೊತೆಗಿರಲು ಹೇಳುತ್ತಾರೆ.

ನಮ್ಮವರು ಎಡವುವುದು ಇಲ್ಲೇ. ಊರಿನಲ್ಲಿ ಮಗುವಿಗೆ ಬೊಂಬೆ ಕೊಟ್ಟು, ಅದು ಆ ಕಡೆ ತಿರುಗಿದ ಕೂಡಲೇ ಮೆಲ್ಲಗೆ ಜಾರಿಕೊಳ್ಳುವುದು ರೂಢಿ. ಇಲ್ಲಿ ಹಾಗೆ ಮಾಡಲೇಬಾರದು. ಕಣ್ಣಿಗೆ ಕಣ್ಣಿಟ್ಟು "ಅಮ್ಮ ಹೋಗಿ ಬರ್ತೀನಿ, ಹಣ್ಣು ತಿಂದ ಮೇಲೆ ಕರ್ಕೊಂಡು ಹೋಗ್ತೀನಿ" ಎಂದು ಹೇಳಿ, ಒಂದು ಸಲ ಅಪ್ಪಿ, ಹೊರಟುಬಿಡಿ. ಬಾಗಿಲ ಗಾಜಿನಿಂದ ಇಣುಕಬೇಡಿ. ಕದ್ದು ಹೋದರೆ ಮಾರನೆಯ ದಿನ ಮಗು ಆಟಕ್ಕೆ ಇಳಿಯುವುದೇ ಇಲ್ಲ, ಬಾಗಿಲನ್ನೇ ನೋಡುತ್ತಾ ಕೂರುತ್ತದೆ.

ಸಾಮಾನಿನ ಪಟ್ಟಿ ಅವರೇ ಕೊಡುತ್ತಾರೆ. ಹಿಮ್ಮಡಿ ಮುಚ್ಚುವ ರಬ್ಬರ್ ಅಡಿಯ ಒಳಚಪ್ಪಲಿ, ನೀರು ಇಳಿಯದ ಮಣ್ಣಾಟದ ಪ್ಯಾಂಟು, ಒಂದು ಬೆರಳು ಸಡಿಲ ಇರುವ ಗಂಬೂಟು, ಎರಡು ಜೊತೆ ಬದಲಿ ಬಟ್ಟೆ. ಎಲ್ಲದರ ಮೇಲೂ ಹೆಸರು ಬೇಕು, ಒಂದೊಂದು ಕಾಲುಚೀಲದ ಮೇಲೂ. ಪಟ್ಟಿಯಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಕುತ್ತಿಗೆಯ ಸರ, ತಾಯಿತದ ದಾರ, ಕೈಯ ಕಪ್ಪು ದಾರ ಬಿಚ್ಚಿಸಿ. ಜಾರುಬಂಡೆಯಲ್ಲಿ ದಾರ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಅದಕ್ಕೇ ಟೋಪಿಯ ಲಾಡಿಯನ್ನೂ ಉದ್ದ ಮಫ್ಲರನ್ನೂ ಬೇಡ ಎನ್ನುತ್ತಾರೆ. ಗೆಜ್ಜೆ, ಉಡಿದಾರ ಇದ್ದರೆ ಯಾಕೆಂದು ಮೊದಲೇ ಹೇಳಿಡಿ. ಕೆನ್ನೆಯ ದೃಷ್ಟಿಬೊಟ್ಟಿನ ಬಗ್ಗೆಯೂ ಹೇಳಿ, ಇಲ್ಲದಿದ್ದರೆ ಕೊಳೆ ಎಂದು ಒರೆಸುತ್ತಾರೆ.

ಡಬ್ಬಿಯಲ್ಲಿ ಕೊಟ್ಟು ಕಳಿಸುವ ಬೆಳಗಿನ ತಿಂಡಿಗೆ ಈ ಕಡೆ ಫೆಸ್ಪರ್ ಅನ್ನುತ್ತಾರೆ. ಚಪಾತಿ ಸುರುಳಿ, ಇಡ್ಲಿ, ರಾಗಿ ದೋಸೆಯ ತುಂಡು, ಸೌತೆಕಾಯಿ, ಸೇಬು ಎಲ್ಲ ಆಗುತ್ತದೆ. ಕಡಲೆಕಾಯಿ ಬೀಜ ಹಾಕಿದ ಚಿತ್ರಾನ್ನ ಬೇಡ, ಬೀಜ ಗಂಟಲಿಗೆ ಸಿಗುತ್ತದೆ, ಬೇರೆ ಮಗುವಿಗೆ ಅಲರ್ಜಿಯೂ ಇರಬಹುದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಹಾಕಿ. ಸಿಹಿ, ಜ್ಯೂಸು ವಾಪಸ್ ಬರುತ್ತದೆ. ಸಸ್ಯಾಹಾರಿಗಳಾದರೆ ಬರೀ "ಮಾಂಸ ಬೇಡ" ಅಂದರೆ ಸಾಲದು, ಮೀನು, ಮೊಟ್ಟೆ ಮತ್ತು ಜೆಲಾಟಿನ್ ಎಂದು ಬಿಡಿಸಿ ಬರೆದುಕೊಡಿ. ಹುಟ್ಟುಹಬ್ಬಕ್ಕೆ ಹಂಚುವ ಕರಡಿ ಆಕಾರದ ಮಿಠಾಯಿಯಲ್ಲಿ ಜೆಲಾಟಿನ್ ಇರುತ್ತದೆ. ಮತ್ತೆ, ಈಗಿನಿಂದಲೇ ತುತ್ತು ತಿನ್ನಿಸುವುದನ್ನು ನಿಲ್ಲಿಸಿ. ಸಂಕಟವಾಗುತ್ತದೆ, ಗೊತ್ತು. ಆದರೆ ಅಲ್ಲಿ ಯಾರೂ ತಿನ್ನಿಸುವುದಿಲ್ಲ, ಮಗು ಕಾಯುತ್ತಾ ಕೂತು ಹಸಿದುಕೊಂಡು ಬರುತ್ತದೆ. ಚಮಚ, ಜಿಪ್ಪು, ಬೂಟು, ಟಾಯ್ಲೆಟ್ ಈ ನಾಲ್ಕನ್ನು ಆಗಸ್ಟಿನೊಳಗೆ ಅಭ್ಯಾಸ ಮಾಡಿಸಿ.

ಕಾಗದಪತ್ರದಲ್ಲಿ ದಡಾರ ಲಸಿಕೆಯ ಪುರಾವೆ ಮುಖ್ಯ, 2020ರ ಮಾರ್ಚ್‌ನಿಂದ ಕಾನೂನೇ ಇದೆ, ಎರಡು ಡೋಸ್ ಬೇಕು. ತಾಯಿ ಕಾರ್ಡಿನ ಮೂಲಪ್ರತಿ ಮಕ್ಕಳ ವೈದ್ಯರಿಗೆ ತೋರಿಸಿ. ಒಂಬತ್ತನೇ ತಿಂಗಳಲ್ಲಿ ಹಾಕಿಸಿದ ಡೋಸ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅವರು ನೋಡಿ ಹೇಳುತ್ತಾರೆ. ಶುಲ್ಕ ಸಾಮಾನ್ಯವಾಗಿ ಮನೆಯಲ್ಲಿರುವ ಮಕ್ಕಳ ಸಂಖ್ಯೆಯ ಮೇಲೆ ಹೋಗುತ್ತದೆ, ಮೊತ್ತ ಅಲ್ಲೇ ಕೇಳಿ.

ಇನ್ನು ಭಾಷೆ. ಇಲ್ಲಿ ಹಳಬರಾದ ನಮ್ಮೆಲ್ಲರ ಎದೆಯಲ್ಲಿ ಉಳಿದಿರುವ ನೋವು ಇದೇ, ಅದಕ್ಕೇ ಒತ್ತಿ ಹೇಳುತ್ತೇನೆ. ಕಿಂಡರ್‌ಗಾರ್ಟನ್‌ನಲ್ಲಿ ನಿಮ್ಮ ಮಗಳು ಮೊದಲ ಕೆಲವು ತಿಂಗಳು ಬಾಯೇ ಬಿಡದಿರಬಹುದು. ಮನೆಯಲ್ಲಿ ಪಟಪಟ ಮಾತಾಡುವವಳು ಅಲ್ಲಿ ಬರೀ ಬೆರಳು ತೋರಿಸುತ್ತಾಳೆ. ಅದು ಕೇಳಿಸಿಕೊಳ್ಳುವ ಕಾಲ, ಒಳಗೆ ಜರ್ಮನ್ ತುಂಬಿಕೊಳ್ಳುತ್ತಿರುತ್ತದೆ. ಬಿತ್ತಿದ ಮೂರನೇ ದಿನಕ್ಕೆ ಮಣ್ಣು ಕೆದಕಿ ನೋಡಿದ ಹಾಗೆ ತಂದೆತಾಯಿ ಗಾಬರಿಯಾಗಿ ಮನೆಯಲ್ಲೂ ಅರೆಬರೆ ಜರ್ಮನ್, ಇಲ್ಲವೇ ಇಂಗ್ಲಿಷ್ ಶುರು ಮಾಡುತ್ತಾರೆ. ಮಗುವಿಗೆ ನಮ್ಮ ತಪ್ಪು ಜರ್ಮನ್ ಅಂಟುತ್ತದೆ, ಕನ್ನಡ ಕೈಬಿಡುತ್ತದೆ. ಒಂದನೇ ತರಗತಿ ಮುಗಿಯುವಷ್ಟರಲ್ಲಿ ಅಜ್ಜಿಯ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್ನಿನಲ್ಲಿ. ಇನ್ನೂ ನಾಲ್ಕು ವರ್ಷಕ್ಕೆ ಅರ್ಥವೂ ಆಗುವುದಿಲ್ಲ. ಕೋಲಾರದ ಅಜ್ಜಿಯೂ ಮೊಮ್ಮಗಳೂ ಫೋನಿನ ಎರಡು ಕಡೆ ಸುಮ್ಮನೆ ನಗುತ್ತಾ ಕೂರುವುದನ್ನು ಇಲ್ಲಿನ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆಮೇಲೆ ವಾರಕ್ಕೊಂದು ಕನ್ನಡ ಕ್ಲಾಸಿಗೆ ಹಾಕಿದರೆ ಅಕ್ಷರ ಬರುತ್ತದೆ, ಆ ಸಲಿಗೆ ಬರುವುದಿಲ್ಲ.

ಟೀಚರ್‌ಗಳು ತಾವೇ ಹೇಳುತ್ತಾರೆ, ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ, ಜರ್ಮನ್ ನಮಗೆ ಬಿಡಿ ಎಂದು. ಅವರ ಮಾತು ನಂಬಿ. ಮಗುವಿಗೆ ಕನ್ನಡದಲ್ಲಿ "ಮೇಲೆ, ಕೆಳಗೆ, ಯಾಕೆ, ಆಮೇಲೆ" ಗಟ್ಟಿಯಾಗಿದ್ದರೆ ಜರ್ಮನ್ ಆ ಹಳಿಯ ಮೇಲೇ ಓಡುತ್ತದೆ. ಫಾರಂನಲ್ಲಿ ಮನೆಭಾಷೆ ಕೇಳಿದರೆ ನಮ್ಮ ಸೀಮೆಯವರ ಹಾಗೆ ನಿಮ್ಮದೂ ಎರಡು ಭಾಷೆಯ ಮನೆಯಾದರೆ ತೆಲುಗು, ಕನ್ನಡ ಎರಡೂ ಬರೆಯಿರಿ, ಆಡದ ಇಂಗ್ಲಿಷನ್ನು ಬರೆಯಬೇಡಿ. ನೀರು, ಹಸಿವು, ಸೂಸು, ನೋವು, ಅಮ್ಮ ಬರ್ತಾಳೆ, ಇಂಥ ಹತ್ತು ಮಾತನ್ನು ಜರ್ಮನ್ ಲಿಪಿಯಲ್ಲಿ ಅರ್ಥದೊಂದಿಗೆ ಒಂದು ಚೀಟಿಯಲ್ಲಿ ಬರೆದು ಟೀಚರಿಗೆ ಕೊಡಿ. ಮೊದಲ ವಾರ ಆ ಚೀಟಿ ಬಹಳ ಕೆಲಸ ಮಾಡುತ್ತದೆ. ಮನೆಯಲ್ಲೂ ಮಾತು ತೀರಾ ಕಡಿಮೆ ಅನಿಸಿದರೆ ಮಾತ್ರ, ನಾಲ್ಕು ತುಂಬುವ ಹೊತ್ತಿಗೆ ಮಕ್ಕಳ ವೈದ್ಯರಲ್ಲಿ ನಡೆಯುವ ಯು8 ಎಂಬ ಆರೋಗ್ಯ ತಪಾಸಣೆಯಲ್ಲಿ ಕಿವಿ ಪರೀಕ್ಷೆಯನ್ನು ಗಮನವಿಟ್ಟು ಮಾಡಿಸಿ. ಅಂದಹಾಗೆ, 1843ರಲ್ಲಿ ಮಂಗಳೂರ ಸಮಾಚಾರ ತಂದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ನಿಮ್ಮ ಎಸ್‌ಲಿಂಗನ್‌ನಲ್ಲೇ, 1881ರಲ್ಲಿ. ಕಿಟ್ಟೆಲ್ ಕೊನೆಯುಸಿರೆಳೆದ ಟ್ಯೂಬಿಂಗನ್ ಕೂಡ ಹತ್ತಿರವೇ. ಕನ್ನಡ ಈ ಸೀಮೆಗೆ ಹೊಸದೇನಲ್ಲ, ಆಡಲು ಸಂಕೋಚ ಬೇಡ.

ಟೀಚರ್ ಜೊತೆ ಹೇಗಿರಬೇಕು ಎಂದಿರಿ. ಮಕ್ಕಳು ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ, ಅದು ಅಗೌರವವಲ್ಲ. ನೀವು ಬಹುವಚನದಲ್ಲೇ ಮಾತಾಡಿ. ವರ್ಷಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಕೂರಿಸಿ ಮಗುವಿನ ಬೆಳವಣಿಗೆ ಬಗ್ಗೆ ಮಾತಾಡುತ್ತಾರೆ. ಮೊದಲ ಪ್ರಶ್ನೆ ನಿಮಗೇ ಇರುತ್ತದೆ: ನಿಮ್ಮ ಕಣ್ಣಿಗೆ ಮಗಳು ಹೇಗೆ ಕಾಣುತ್ತಾಳೆ? "ನಿಮಗೇ ಗೊತ್ತು ಮೇಡಂ" ಎಂದು ಕೈಮುಗಿದು ಸುಮ್ಮನಾದರೆ ಮಗುವಿನ ಬಗ್ಗೆ ಆಸಕ್ತಿ ಇಲ್ಲವೇನೋ ಅಂದುಕೊಳ್ಳುತ್ತಾರೆ. ನಮ್ಮ ಅಡ್ಡಡ್ಡ ತಲೆಯಾಡಿಸುವಿಕೆ ಅವರಿಗೆ ಇಲ್ಲ ಎಂದು ಕಾಣುತ್ತದೆ, ಬಾಯಿಬಿಟ್ಟು ಹೌದು ಅನ್ನಿ. ನಿದ್ದೆ, ಊಟ, ಯಾವುದಕ್ಕೆ ಹೆದರುತ್ತಾಳೆ, ಯಾರ ಜೊತೆ ಆಡುತ್ತಾಳೆ, ಇಷ್ಟನ್ನು ಬರೆದುಕೊಂಡು ಹೋಗಿ. ಭಾಷೆ ಸಾಲದಿದ್ದರೆ ದುಭಾಷಿ ಸಿಗುತ್ತಾರಾ ಎಂದು ಎರಡು ವಾರ ಮುಂಚೆ ಕೇಳಿ.

ಮುಂದಿನ ವಾರ ಪರಿಚಯದ ಭೇಟಿ ಇದೆ ಎಂದಿದ್ದೀರಿ. ಅಂದು ಮೂರು ಕೇಳಿ: ಹೊಂದಿಸುವ ವಾರಗಳಲ್ಲಿ ನನ್ನ ಮಗುವನ್ನು ನೋಡಿಕೊಳ್ಳುವ ಟೀಚರ್ ಯಾರು, ಅವರು ರಜೆ ಹಾಕಿದರೆ ಯಾರು, ಮಗು ಅತ್ತರೆ ಎಷ್ಟು ಹೊತ್ತಿಗೆ ನನಗೆ ಫೋನ್ ಮಾಡುತ್ತೀರಿ. ಉತ್ತರ ಬಂದ ಮೇಲೆ ಇಲ್ಲೇ ಬರೆಯಿರಮ್ಮ, ಮುಂದಿನದನ್ನು ನೋಡಿ ಹೇಳುತ್ತೇನೆ.