ಅಪ್ಪ ಕಟ್ಟುವ ಬುತ್ತಿ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಒಪ್ಪಿಗೆಯೂ ಇದೆ.)

ಗದಗಿನಿಂದ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಬರುವ ಹುಡುಗ. ಮೂವತ್ತರ ಹತ್ತಿರ ವಯಸ್ಸು, ಮದುವೆ ಆಗಿಲ್ಲ. ತಾಯಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಅಪ್ಪ, ಮಗ ಇಬ್ಬರೇ. ನಿದ್ದೆ ಬರುತ್ತಿಲ್ಲ ಎಂದು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದ. ಅರ್ಧ ಗಂಟೆ ಮಾತಾಡಿದ ಮೇಲೆ ವಿಷಯ ಹೊರಗೆ ಬಂತು.

"ಅಪ್ಪ ನಸುಕಿನ್ಯಾಗ ಎದ್ದು ಬುತ್ತಿ ಕಟ್ತಾನ್ರಿ ಮೇಡಂ. ನಂಗ ಉಣ್ಣಾಕ ಆಗವಲ್ದು. ನಾಯಿಗೆ ಹಾಕಿ ಖಾನಾವಳ್ಯಾಗ ಉಣ್ತೀನಿ."

ಇಷ್ಟು ಹೇಳಿ ಅತ್ತುಬಿಟ್ಟ.

ಸಂಜೆ ಖಾಲಿ ಡಬ್ಬಿ ನೋಡಿ ಅಪ್ಪ ಕೇಳುತ್ತಾರೆ, "ಹೆಂಗಾಗಿತ್ತೋ?" ಇವನು "ಛಲೋ ಆಗಿತ್ತಪಾ" ಅನ್ನುತ್ತಾನೆ. ಮರುದಿನ ಅದೇ ಪಲ್ಯ, ಜಾಸ್ತಿ. ಅವನ ಸುಳ್ಳಿನಲ್ಲಿ ಕೆಟ್ಟ ಮನಸ್ಸು ಒಂದಿಷ್ಟೂ ಇರಲಿಲ್ಲ. ಆದರೆ ಅಪ್ಪನಿಗೆ ಅಡುಗೆ ತಿದ್ದಿಕೊಳ್ಳುವ ದಾರಿಯೇ ಮುಚ್ಚಿತ್ತು.

ರುಚಿ ಇಲ್ಲ ಅಂದರೆ ಏನು ಇಲ್ಲ ಎಂದು ಕೇಳಿದೆ. ಒಂದೊಂದಾಗಿ ಹೇಳಿಸಿದೆ. ರೊಟ್ಟಿ ಒಡೆದು ಚೂರಾಗುತ್ತದೆ. ಉಪ್ಪು ಮುಂದು. ಎಲ್ಲಕ್ಕಿಂತ ಖಾರ, ಬಾಯಿಗಿಡಲು ಆಗದಷ್ಟು.

ಎರಡನೇ ಸಲ ಅಪ್ಪನನ್ನೂ ಕರೆಸಿದೆ. ಬುತ್ತಿಯ ಸುದ್ದಿ ತೆಗೆಯಲಿಲ್ಲ. ಅಡುಗೆ ಹೇಗೆ ಕಲಿತಿರಿ ಎಂದಷ್ಟೇ ಕೇಳಿದೆ. ಅವರು ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡು ಕೂತರು. "ಅಕಿ ಮಾಡಿದ ಬದ್ನಿಕಾಯಿ ಪಲ್ಯಾ ಕೆಂಪಗ ಇರ್ತಿತ್ರೀ. ನಂದು ಆ ಬಣ್ಣಕ್ಕ ಬರವಲ್ದು. ಅದಕ್ಕ ಇನ್ನೊಂದು ಚಮಚಾ ಖಾರ ಹಾಕ್ತೀನಿ."

ಮನೆಯಲ್ಲಿ ಆ ತಾಯಿ ಬೇಸಿಗೆಯಲ್ಲಿ ಕುಟ್ಟಿಸಿಟ್ಟ ಮಸಾಲೆ ಖಾರದ ಡಬ್ಬಿ ಇದೆ. ತಳದಲ್ಲಿ ನಾಲ್ಕು ಬೆರಳಿನಷ್ಟು ಉಳಿದಿದೆಯಂತೆ. ಅದನ್ನು ಇವರು ಮುಟ್ಟಿಲ್ಲ. ಅಂಗಡಿಯಿಂದ ಬೇರೆ ಖಾರಪುಡಿ ತರುತ್ತಾರೆ.

ಗಂಟು ಇಲ್ಲಿತ್ತು. ಆ ತಾಯಿ ಬಳಸುತ್ತಿದ್ದದ್ದು ಬ್ಯಾಡಗಿ ಮೆಣಸಿನಕಾಯಿ. ಪಕ್ಕದ ಹಾವೇರಿ ಜಿಲ್ಲೆಯ ಆ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸುಕ್ಕುಸುಕ್ಕಾದ ಕಾಯಿ. ಬಣ್ಣ ದಟ್ಟ, ಖಾರ ಕಡಿಮೆ. ಬೇರೆ ಕಾಯಿಯ ಪುಡಿಯಲ್ಲಿ ಆ ಕೆಂಪು ತರಿಸಲು ಹೋದರೆ ಖಾರವೇ ಏರುತ್ತಾ ಹೋಗುತ್ತದೆ. ಅಪ್ಪ ಹುಡುಕುತ್ತಿದ್ದದ್ದು ಹೆಂಡತಿಯ ಪಲ್ಯದ ಬಣ್ಣ. ಇದನ್ನು ಕೇಳಿ ಮಗ ತಲೆ ತಗ್ಗಿಸಿದ.

ಮಗನಿಗೆ ಬೇರೆಯಾಗಿ ಹೇಳಿದ್ದು: ನಾಯಿಗೆ ಹಾಕಿದ ಕಥೆ ಈಗ ಹೇಳಿ ಮನಸ್ಸು ಹಗುರ ಮಾಡಿಕೊಳ್ಳಬೇಡ. ಹಗುರ ಆಗುವುದು ನಿನಗೆ, ಭಾರ ಬೀಳುವುದು ಅವರಿಗೆ. ಆದರೆ ನಾಳೆಯಿಂದ ಸುಳ್ಳು ಬೇಡ. ಉಣ್ಣುವಾಗ ತಪ್ಪು ತೆಗೆಯಬೇಡ. ರವಿವಾರ ಮುಂಜಾನೆ ಚಹಾ ಕುಡಿಯುವಾಗ ಹೇಳು. ಚೆನ್ನಾಗಿದ್ದದ್ದನ್ನು ಹೆಸರು ಹಿಡಿದು ಹೇಳು, ಆಗದ್ದನ್ನು ನಿನ್ನ ಹೊಟ್ಟೆಯ ಮೇಲೆ ಹಾಕು. "ಅಪ್ಪಾ, ಬ್ಯಾಳಿಸಾರು ಭಾಳ ಛಲೋ ಆಗಿತ್ತು. ಪಲ್ಯಾದ ಖಾರ ನಂಗ ತಡ್ಯಾಕ ಆಗವಲ್ದು. ಇವತ್ತ ಇಬ್ಬರೂ ಕೂಡಿ ಮಾಡೋಣು." ಇದರಲ್ಲಿ ಒಂದು ಮಾತೂ ಸುಳ್ಳಲ್ಲ.

ಉಪ್ಪಿನ ವಿಷಯ ಬರೀ ರುಚಿಯದ್ದಲ್ಲ. ವಯಸ್ಸಾದಂತೆ ಮೂಗು ಮಂದವಾಗುತ್ತದೆ, ನಾಲಿಗೆಯೂ. ಕೆಲವು ಮಾತ್ರೆಗಳಿಂದಲೂ ಬಾಯಿರುಚಿ ಬದಲಾಗುತ್ತದೆ. ಅಪ್ಪನಿಗೆ ಬಿಪಿ ಇದೆ. ಉಪ್ಪಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಒಂದು ಸಣ್ಣ ಚಮಚದಷ್ಟೂ ಇಲ್ಲ. ಮಾತ್ರೆ ಚೀಟಿ ಹಿಡಿದು ವೈದ್ಯರನ್ನು ಕಾಣಲು ಹೇಳಿದೆ. ಉಪ್ಪು ನೋಡುವ ಕೆಲಸ ಮಗನದ್ದಾಯಿತು. ರೊಟ್ಟಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಹಿಟ್ಟು ಹೊಸದಿರಲಿ, ನೀರು ಕುದಿಯುತ್ತಿರಲಿ. ಅಷ್ಟಾದರೂ ಒಡೆದರೆ ಓಣಿಯಲ್ಲಿ ರೊಟ್ಟಿ ಮಾರುವ ಅಕ್ಕಂದಿರಿದ್ದಾರೆ ಅಲ್ವಾ.

ಅಡುಗೆ ಬಿಡಿಸಿ ಅವರನ್ನು ಸುಮ್ನೆ ಕೂರಿಸಿ ಎಂದು ಮಾತ್ರ ನಾನು ಹೇಳಲಿಲ್ಲ. ನಸುಕಿನಲ್ಲಿ ಏಳಲು ಅವರಿಗೆ ಉಳಿದಿದ್ದದ್ದು ಆ ಒಲೆ ಒಂದೇ.

ತಿಂಗಳ ನಂತರ ಮಗ ಫೋನ್ ಮಾಡಿದ. ಬ್ಯಾಡಗಿ ಕಾಯಿ ತಂದಿದ್ದಾರೆ. ಚಿಕ್ಕಮ್ಮ ಬಂದು ಎರಡು ದಿನ ಇದ್ದು ಖಾರ ಮಾಡಿಕೊಟ್ಟಿದ್ದಾರೆ. ವಾರದಲ್ಲಿ ಎರಡು ದಿನ ಬುತ್ತಿ ಬೇಡ ಎಂದು ಇವನೇ ಬಾಯಿಬಿಟ್ಟು ಹೇಳಿದ್ದಾನೆ. ಮೊದಲ ದಿನ ಅಪ್ಪ ಮುಖ ಸಣ್ಣದು ಮಾಡಿದರಂತೆ, ಆಮೇಲೆ ಸರಿಹೋದರಂತೆ. ನಿದ್ದೆ ಪರವಾಗಿಲ್ಲ.

ಹಳೇ ಡಬ್ಬಿಯನ್ನು ಅವರು ಇನ್ನೂ ತೆರೆದಿಲ್ಲ. ಅದರ ಬಗ್ಗೆ ಕೇಳಬೇಡ ಎಂದಿದ್ದೇನೆ.