ಎಂಡ್ಯೂರೆನ್ಸ್ ರೈಡಿಂಗ್‌ಗೆ ಎತ್ತರದ ಕುದುರೇನೇ ಬೇಕಾ?

ಬೇಡ ಕಣ್ರೀ, ಬರೀ ಎತ್ತರ ನೋಡಿ ತಗೋಬೇಡಿ. ನಮ್ ಮೈಸೂರಲ್ಲಿ ಬೆಟ್ಟದ ಕೆಳಗಿನ ರೇಸ್‌ಕೋರ್ಸಲ್ಲಿ ರೇಸಿಗಂತಲೇ ಬೆಳೆಸಿದ ಎತ್ತರದ ತಳಿ ಥರೋಬ್ರೆಡ್‌ಗಳನ್ನ ನೋಡಿ ನೋಡಿ ಕುದುರೆ ಅಂದ್ರೆ ಹಂಗೇ ಇರ್ಬೇಕು ಅನ್ಸುತ್ತೆ, ಆದ್ರೆ ಅದು ಒಂದೆರಡು ನಿಮಿಷದ ಓಟ, ಎಂಡ್ಯೂರೆನ್ಸಲ್ಲಿ, ಅಂದ್ರೆ ದೂರದ ದಾರಿಯ ಕುದುರೆ ಸವಾರಿ ಸ್ಪರ್ಧೇಲಿ, ಒಂದೇ ದಿನಕ್ಕೆ 160 ಕಿಲೋಮೀಟರ್‌ವರೆಗೂ ಹೋಗೋದಿರುತ್ತೆ, ಅಂದ್ರೆ ಇಲ್ಲಿಂದ ಹೊರಟು ಮಂಡ್ಯ, ರಾಮನಗರ ಎಲ್ಲಾ ದಾಟಿ ಬೆಂಗಳೂರಿನಾಚೆಗೆ.

ಇಲ್ಲಿ ದೊಡ್ಡ ಶತ್ರು ಮೈಬಿಸಿ. ಕುದುರೆ ದೊಡ್ಡದಾದಷ್ಟೂ ತೂಕ ಏರೋ ಲೆಕ್ಕಕ್ಕೆ ಚರ್ಮದ ವಿಸ್ತೀರ್ಣ ಏರಲ್ಲ, ಹಂಗಾಗಿ ಒಳಗೆ ಹುಟ್ಟಿದ ಶಾಖ ಹೊರಗೆ ಹೋಗೋಕೆ ಟೈಮ್ ಹಿಡಿಯುತ್ತೆ. ದಾರೀಲಿ ವೆಟ್ ಚೆಕ್, ಅಂದ್ರೆ ಪಶುವೈದ್ಯರ ತಪಾಸಣೆ ಇರುತ್ತೆ, ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿದ್ರೇನೇ ಮುಂದಕ್ಕೆ ಬಿಡೋದು, ಮೈ ಕಾದಿರೋ ಕುದುರೇಲಿ ಅದು ಬೇಗ ಇಳಿಯಲ್ಲ. ಅರಬ್ ಕುದುರೆಗಳು ಈ ಆಟದಲ್ಲಿ ಮುಂದಿರೋದಕ್ಕೆ ಇದೂ ಒಂದು ಕಾರಣ: ಹೆಚ್ಚಿನವು 14ರಿಂದ 15 ಹ್ಯಾಂಡ್ ಎತ್ತರ ಅಷ್ಟೇ, ಒಂದು ಹ್ಯಾಂಡ್ ಅಂದ್ರೆ 4 ಇಂಚು, ಮೈ ತೆಳು, ಚರ್ಮಾನೂ ತೆಳು.

ಚಿಕ್ಕ ಕುದುರೆ ನನ್ನನ್ನ ಹೊರುತ್ತಾ ಅನ್ನೋದು ನ್ಯಾಯವಾದ ಭಯಾನೇ. ಸವಾರ, ಜೀನು ಎಲ್ಲಾ ಸೇರಿ ಕುದುರೆ ತೂಕದ 20 ಪರ್ಸೆಂಟ್ ಒಳಗಿರ್ಲಿ ಅಂತಾರೆ, 400 ಕೆಜಿ ಕುದುರೆಗೆ 80 ಕೆಜಿ, ದೂರದ ದಾರಿಗೆ ಇನ್ನೂ ಕಮ್ಮಿ ಇದ್ರೆ ಪಾಪ ಅದಕ್ಕೂ ಸುಖ. ನೀವು ದಪ್ಪ ಇದ್ರೆ ಸ್ವಲ್ಪ ಗಟ್ಟಿ ಕುದುರೆ ಹುಡುಕಿ, ಎತ್ತರದ್ದಲ್ಲ. ಕೊಳ್ಳೋ ಮುಂಚೆ ಮುಂಗಾಲಿನ ಮಂಡಿ ಕೆಳಗೆ ಕೈಯಾಡಿಸಿ ನೋಡಿ, ಮೂಳೆ ದಪ್ಪಗೆ ಸಿಗ್ಬೇಕು, ಆ ಮೂಳೆ ಹಿಂದಿರೋ ಸ್ನಾಯುರಜ್ಜು (ಟೆಂಡನ್) ಹಗ್ಗದಂಗೆ ಬಿಗಿಯಾಗಿರ್ಬೇಕು, ಬಿಸಿ, ಊತ ಇದ್ರೆ ಎಷ್ಟೇ ಚೆಂದ ಇದ್ರೂ ಬಿಟ್‌ಬಿಡಿ.